ಟ್ರಿಪ್ ಆಗುವ ಸ್ಟಾರ್ಟರ್ ರೈತನಿಗೆ ಯಾಕೆ ಬೇಡ?

ಬೇಸಿಗೆ ಬಂದರೆ ನಮ್ಮ ರಾಜ್ಯದಲ್ಲಿ ಚರ್ಚೆ ಒಂದೇ: ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಎಷ್ಟು ಗಂಟೆ? 2023ರಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷ, ಸರ್ಕಾರ ಮೊದಲು 5 ಗಂಟೆ ಎಂದಿತು, ಆಮೇಲೆ 7 ಎಂದಿತು. ಆ ಗಂಟೆಗಳಲ್ಲಿ ಬರುವ ವೋಲ್ಟೇಜ್ ಎಷ್ಟು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯುತ್ತದೆ. ಮೋಟಾರ್ ಸುಡುವುದು ಅಲ್ಲಿ.

415 ವೋಲ್ಟ್ ಇರಬೇಕಾದ ಲೈನಿನ ತುದಿಯಲ್ಲಿ 340 ಸಿಕ್ಕಿತೆನ್ನಿ. ನೀರೆತ್ತುವ ಭಾರ ಅಷ್ಟೇ ಇರುವುದರಿಂದ ಮೋಟಾರ್ ಹೆಚ್ಚುಕಡಿಮೆ ಶೇ 20ರಷ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಸುಮಾರು ಒಂದೂವರೆ ಪಟ್ಟು. ಒಂದು ಫೇಸ್ ಹೋಗಿಬಿಟ್ಟರೆ ಇನ್ನೂ ಕಷ್ಟ. ಇದನ್ನು ತಡೆಯಲೆಂದೇ ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಇದೆ. ಒಳಗಿನ ಲೋಹದ ಪಟ್ಟಿ ಕಾದು ಬಾಗಿ ಸಂಪರ್ಕ ಕಡಿಯುತ್ತದೆ.

ಹಳ್ಳಿಗಳಲ್ಲಿ ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಿಡುತ್ತಾರೆ, ಇಲ್ಲವೇ ಬೈಪಾಸ್ ಮಾಡುತ್ತಾರೆ. ಇದನ್ನು ರೈತರ ಅಜ್ಞಾನ ಎನ್ನುವವರನ್ನು ನಾನು ಒಪ್ಪುವುದಿಲ್ಲ. ನಾನಿರುವ ದೆಹಲಿಯ ಕಿದ್ವಾಯಿ ನಗರದಂಥ ಕಡೆ ನೀರಿನ ಪಂಪ್ ಟ್ರಿಪ್ ಆದರೆ ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಬಹುದು. ಕರೆಂಟ್ ಎಲ್ಲಿಗೂ ಹೋಗುವುದಿಲ್ಲ. ದೆಹಲಿಯ ಬೇಡಿಕೆ 8,656 ಮೆಗಾವಾಟ್ ದಾಖಲೆ ಮುಟ್ಟಿದ್ದು 2024ರ ಜೂನ್‌ನಲ್ಲಿ. ಆ ಊರಲ್ಲಿ ಕಾಯುವುದು ದುಬಾರಿಯಲ್ಲ. ರಾತ್ರಿ ಎರಡಕ್ಕೆ ಕರೆಂಟ್ ಬರುವ ತೋಟದಲ್ಲಿ ರಿಲೇ ಕಡಿದರೆ ಆ ಸರದಿಯ ನೀರೇ ಹೋಯಿತು. ವೈಂಡಿಂಗ್ ಸುಡಬಹುದು, ಬೆಳೆ ಒಣಗುವುದು ಖಚಿತ. ಲೆಕ್ಕ ಹಾಕಿಯೇ ಅವರು ರಿಲೇ ಬಿಡುತ್ತಾರೆ.

ಇನ್ನೊಂದು ಆಟೊ ಸ್ಟಾರ್ಟರ್. ಕರೆಂಟ್ ಬಂದ ಕ್ಷಣ ಒಂದೇ ಟಿ.ಸಿ.ಯ ಎಲ್ಲ ಮೋಟಾರ್‌ಗಳೂ ಏಳುತ್ತವೆ, ಒಂದೊಂದೂ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತಾ. ವೋಲ್ಟೇಜ್ ಕುಸಿಯುತ್ತದೆ, ಟಿ.ಸಿ.ಯೂ ಸುಡುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಸರ್ವರ್ ಮತ್ತೆ ಎದ್ದಾಗ ಎಲ್ಲರೂ ಒಟ್ಟಿಗೆ ನುಗ್ಗದಂತೆ ಒಬ್ಬೊಬ್ಬರಿಗೆ ಒಂದೊಂದು ವಿಳಂಬ ಕೊಡುತ್ತೇವೆ. ಸ್ಟಾರ್ಟರ್‌ಗೆ ಟೈಮರ್ ಇಟ್ಟು ಹಾಗೆಯೇ ಮಾಡಬಹುದು, ಆದರೆ ಟಿ.ಸಿ.ಯ ಎಲ್ಲ ರೈತರೂ ಒಪ್ಪಬೇಕು. ಒಬ್ಬರೇ ಕಾದರೆ ನಷ್ಟ ಅವರಿಗೇ.

ಪಿಎಂ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದ ಸೌರ ಘಟಕದಿಂದ ಹಗಲು ಕರೆಂಟ್ ಕೊಡುವ ಕೆಲಸಕ್ಕೆ 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿದೆ. ಹಗಲು ಕರೆಂಟ್ ಒಳ್ಳೆಯದೇ. ಲೈನಿನ ತುದಿಯ ಟಿ.ಸಿ.ಗೆ ಮೀಟರ್ ಹಾಕಿ, ಅಲ್ಲಿನ ವೋಲ್ಟೇಜನ್ನು ಎಸ್ಕಾಂಗಳು ಗಂಟೆಗಳ ಜೊತೆಗೇ ಪ್ರಕಟಿಸಲಿ. 10 ಎಚ್‌ಪಿವರೆಗೆ ಕರೆಂಟ್ ಉಚಿತ ನಿಜ, ಸುಟ್ಟ ಮೋಟಾರ್ ಮೇಲೆತ್ತಿ ರಿವೈಂಡಿಂಗ್ ಮಾಡಿಸುವ ಬಿಲ್ ರೈತನದೇ.