ಪೆಟ್ಟಿಗೆಯಲ್ಲಿ ಇರದ ತುಣುಕುಗಳು

ಕಳೆದ ದಸರೆಯ ರಜೆಯಲ್ಲಿ ವಿದೇಶದಿಂದ ಬಂದ ಬಂಧುವೊಬ್ಬರು ನನ್ನ ತಂಗಿಯ ಮಗನಿಗೆ ಸಾವಿರ ತುಣುಕುಗಳ ಜಿಗ್‌ಸಾ ಪಜಲ್ ಒಂದನ್ನು ತಂದುಕೊಟ್ಟರು. ಜೋಡಿಸಬೇಕಾದದ್ದು ಜಗತ್ತೆಲ್ಲ ಕಂಡ ಒಂದು ಛಾಯಾಚಿತ್ರ: 1945ರ ಫೆಬ್ರವರಿಯಲ್ಲಿ ಕ್ರಿಮಿಯಾದ ಯಾಲ್ಟಾ ಬಳಿಯ ಲಿವಾಡಿಯಾ ಅರಮನೆಯ ಅಂಗಳದಲ್ಲಿ ಕುರ್ಚಿಗಳ ಮೇಲೆ ಆಸೀನರಾದ ಚರ್ಚಿಲ್, ರೂಸ್‌ವೆಲ್ಟ್ ಮತ್ತು ಸ್ಟಾಲಿನ್. ನಾಲ್ಕು ಸಂಜೆ ನಮ್ಮ ಊಟದ ಮೇಜು ಆ ಮೂವರಿಗೆ ಮೀಸಲಾಯಿತು. ಮುಖಗಳು ಮೊದಲ ದಿನವೇ ಕೂಡಿಬಂದವು. ಕೋಟುಗಳೂ ನೆಲಹಾಸೂ ಕಾಡಿಸಿದವು. ಕೊನೆಯ ತುಣುಕನ್ನು ಕೂರಿಸಿ ಹುಡುಗ, "ಮಾವ, ಎಲ್ಲರೂ ಬಂದರು" ಎಂದ.

ಎಲ್ಲರೂ ಬಂದರೇ? ಈ ಪ್ರಶ್ನೆಯನ್ನು ನಾನು ಸಂಘದ ತಿಂಗಳ ಕೂಟದಲ್ಲಿ ಎತ್ತಿದಾಗ ಹಿರಿಯ ಮಿತ್ರರೊಬ್ಬರು, ಆಟಿಕೆಯಲ್ಲೂ ರಾಜಕೀಯ ಹುಡುಕುವುದು ಸರ್ಕಾರಿ ನೌಕರರ ಚಾಳಿ ಎಂದು ಹಾಸ್ಯಮಾಡಿದರು. ಅವರಿಗೆ ನನ್ನ ಉತ್ತರವಿದು.

ಮೊದಲನೆಯದಾಗಿ, ಈ ಆಟಿಕೆ ಎಂದೂ ರಾಜಕೀಯದಿಂದ ದೂರವಿದ್ದುದಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ಕೆತ್ತನೆಗಾರ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದ. ಜಿಗ್‌ಸಾದ ಜನ್ಮವೇ ಭೂಪಟದ ಕೊಯ್ತದಿಂದ ಆದದ್ದು. ಯಾಲ್ಟಾದ ಮೂವರು ಮಾಡಿದ್ದೂ ಅದನ್ನೇ. ಅವರ ಕೈಯಲ್ಲಿದ್ದದ್ದು ಮಾತ್ರ ಮರದ ಹಲಗೆಯಲ್ಲ. ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟು, ಪಶ್ಚಿಮದಲ್ಲಿ ಜರ್ಮನಿಯ ನೆಲವನ್ನು ಅದಕ್ಕೆ ಪರಿಹಾರವಾಗಿ ಕೊಡುವುದೆಂದು ಅವರು ಒಪ್ಪಿಕೊಂಡರು. ಇದರ ಪೂರ್ವಾಭ್ಯಾಸ 1943ರಲ್ಲಿ ಟೆಹರಾನಿನಲ್ಲಿ ನಡೆದಿತ್ತು. ಪೋಲೆಂಡ್ ಪಶ್ಚಿಮಕ್ಕೆ ಸರಿಯಬಹುದಾದ ಬಗೆಯನ್ನು ಚರ್ಚಿಲ್ ಅಲ್ಲಿ ಬೆಂಕಿಕಡ್ಡಿಗಳನ್ನು ಸರಿಸಿ ತೋರಿಸಿದ್ದರು. ಯಾಲ್ಟಾದಲ್ಲಿ ಪೋಲೆಂಡಿನ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಫ್ರಾನ್ಸಿನ ದ ಗಾಲ್‌ಗೆ ಆಹ್ವಾನವಿರಲಿಲ್ಲ. ಮಂಚೂರಿಯಾದ ರೈಲುಮಾರ್ಗ ಮತ್ತು ಬಂದರುಗಳಲ್ಲಿ ಸೋವಿಯತ್ ಹಕ್ಕನ್ನು ಚೀನಾದ ಬೆನ್ನ ಹಿಂದೆ ಗುಟ್ಟಾಗಿ ನಿಶ್ಚಯಿಸಲಾಯಿತು.

ಇನ್ನು ಅಂಗಳದ ಮಾತು. 1944ರ ಮೇ ತಿಂಗಳಲ್ಲಿ, ಎಂದರೆ ಈ ಚಿತ್ರ ತೆಗೆಯುವುದಕ್ಕೆ ಒಂಬತ್ತೇ ತಿಂಗಳು ಮೊದಲು, ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಮಿಕ್ಕ ಕ್ರಿಮಿಯಾದ ತಾತಾರರನ್ನು ಸ್ಟಾಲಿನ್ನನ ಆಡಳಿತ ಕೆಲವೇ ದಿನಗಳಲ್ಲಿ ರೈಲು ಡಬ್ಬಿಗಳಿಗೆ ತುಂಬಿ ಮಧ್ಯ ಏಷ್ಯಾದತ್ತ ಅಟ್ಟಿತ್ತು. ಅತಿಥಿಗಳು ಬರುವ ಹೊತ್ತಿಗೆ ಆ ನೆಲದ ಮಕ್ಕಳೇ ಆ ನೆಲದ ಮೇಲೆ ಇರಲಿಲ್ಲ. 2015ರ ಫೆಬ್ರವರಿಯಲ್ಲಿ, ರಷ್ಯಾ ಕ್ರಿಮಿಯಾವನ್ನು ಕಬಳಿಸಿದ ಮರುವರ್ಷ, ಅದೇ ಲಿವಾಡಿಯಾದಲ್ಲಿ ಈ ಛಾಯಾಚಿತ್ರದ ಮೂವರನ್ನು ಕಂಚಿನಲ್ಲಿ ಎರಕಹೊಯ್ದು ನಿಲ್ಲಿಸಿದರು. ಹಳೆಯ ಪಟವೊಂದು ಬರಿಯ ಆಟಿಕೆಯೆನ್ನುವವರು ಇದಕ್ಕೇನೆನ್ನುತ್ತಾರೆ?

ನಾವೆಲ್ಲಿದ್ದೆವು? ಯುದ್ಧ ಮುಗಿಯುವ ವೇಳೆಗೆ ಭಾರತೀಯ ಸೇನೆಯ ಬಲ ಇಪ್ಪತ್ತೈದು ಲಕ್ಷವನ್ನು ಮೀರಿತ್ತು. ಲಿವಾಡಿಯಾದಲ್ಲಿ ಛಾಯಾಗ್ರಾಹಕರು ಸಾಲುಗೂಡಿದ ಆ ತಿಂಗಳಲ್ಲೇ ನಮ್ಮ ಸೈನಿಕರು ಬರ್ಮಾದಲ್ಲಿ ಗುಂಡಿನ ಮಳೆಯ ನಡುವೆ ಐರಾವತಿ ನದಿಯನ್ನು ದಾಟುತ್ತಿದ್ದರು. 1943ರ ಬಂಗಾಳದ ಕ್ಷಾಮದಲ್ಲಿ ಮಡಿದವರ ಲೆಕ್ಕ, ಸರ್ಕಾರಿ ಆಯೋಗದ ಅಂದಾಜಿನಂತೆಯೇ, ಹದಿನೈದು ಲಕ್ಷ. ಇವರೆಲ್ಲರ ಪರವಾಗಿ ಕುರ್ಚಿಯಲ್ಲಿ ಕುಳಿತಿದ್ದವರು ಚರ್ಚಿಲ್! ಆ ವರ್ಷದ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತವೂ ಸಹಿ ಹಾಕಿತು, ನಿಜ. ನಿಯೋಗದ ನಾಯಕರು, ಮರುವರ್ಷ ಮೈಸೂರಿನ ದಿವಾನರಾದ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಸಮರ್ಥರೇ, ಆದರೆ ಅವರನ್ನು ಕಳುಹಿಸಿದ್ದು ಬ್ರಿಟಿಷ್ ಸರ್ಕಾರವೇ ಹೊರತು ಭಾರತದ ಜನತೆಯಲ್ಲ.

ಎದುರುವಾದ ನನಗೆ ತಿಳಿಯದ್ದೇನಲ್ಲ. ಕೆಂಪು ಸೇನೆ ಆಗಲೇ ಪೋಲೆಂಡನ್ನು ಆಕ್ರಮಿಸಿತ್ತು. ಜಪಾನಿನ ಮೇಲಣ ಯುದ್ಧಕ್ಕೆ ಸ್ಟಾಲಿನ್ ಬೇಕಾಗಿದ್ದ. ಎರಡೇ ತಿಂಗಳಲ್ಲಿ ತೀರಿಕೊಳ್ಳಲಿದ್ದ ರೂಸ್‌ವೆಲ್ಟ್ ಕುಸಿದ ಮೈಯಲ್ಲೇ ಅಷ್ಟು ದೂರ ಬಂದಿದ್ದರು. ಹಿಟ್ಲರನನ್ನು ಮಣಿಸಿದ ಋಣ ಈ ಮೂವರ ಮೇಲೆ ನಮಗಿದೆ. ಇರಲಿ. ಅನಿವಾರ್ಯತೆ ಒಂದು ನಿರ್ಧಾರವನ್ನು ವಿವರಿಸಬಹುದು. ಕೇಳದೆ ಕೊಯ್ದದ್ದನ್ನು ಕೇಳಿ ಕೊಯ್ದದ್ದನ್ನಾಗಿ ಮಾಡಲಾರದು.

ಮೂರು ದಶಕ ಕಡತಗಳ ನಡುವೆ ಬದುಕಿದವನು ನಾನು. ನಿರ್ಧಾರದಿಂದ ಬಾಧಿತರಾಗುವವರ ಅಭಿಪ್ರಾಯವನ್ನು ಪಡೆಯಲಾಗಿದೆಯೇ ಎಂಬ ಪ್ರಶ್ನೆಯನ್ನು ಟಿಪ್ಪಣಿಯ ಅಂಚಿನಲ್ಲಿ ಬರೆದು ಮೇಲಿನವರ ಮುನಿಸಿಗೆ ಗುರಿಯಾದದ್ದೂ ಉಂಟು. ನಮ್ಮ ರಾಜ್ಯಗಳ ಗಡಿಯನ್ನು ಗೀಚಿದ ಫಜಲ್ ಅಲಿ ಆಯೋಗ ಒಂದೂವರೆ ಲಕ್ಷಕ್ಕೂ ಹೆಚ್ಚು ಅಹವಾಲುಗಳನ್ನು ಸ್ವೀಕರಿಸಿತ್ತು. 1956ರ ಆ ಗೆರೆಯ ಆಚೆ ಉಳಿದ ಕನ್ನಡಿಗರ ನೋವು ಇಂದಿಗೂ ಆರಿಲ್ಲ. ಕೇಳಿ ಎಳೆದ ಗೆರೆಯೇ ಇಷ್ಟು ನೋಯಿಸುವುದಾದರೆ, ಕೇಳದೆ ಎಳೆದದ್ದು ಇನ್ನೆಷ್ಟು ನೋಯಿಸೀತು!

ಆಟಿಕೆಯನ್ನು ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಕೊಡಿ; ಜೊತೆಗೊಂದು ಭೂಪಟವನ್ನೂ ಕೊಡಿ. ಪೆಟ್ಟಿಗೆಯ ಮುಚ್ಚಳದಲ್ಲಿರುವುದಷ್ಟೇ ಪೂರ್ಣಚಿತ್ರವೆಂದು ನಂಬುವ ಮಗು ನಾಳೆ ಪತ್ರಿಕೆಯ ಮುಖಪುಟವನ್ನೂ ಹಾಗೆಯೇ ನಂಬುತ್ತದೆ. ನಾವಾದರೂ ಬೇರೆಯೇ? ನಮ್ಮ ಸಂಘದ ಗೋಡೆಯ ಮೇಲಿನ ವಾರ್ಷಿಕೋತ್ಸವದ ಪಟಗಳನ್ನೊಮ್ಮೆ ನೋಡಿ: ಮುಂದಿನ ಸಾಲಿನ ಕುರ್ಚಿಗಳಲ್ಲಿ ನನ್ನಂಥ ಅಧಿಕಾರಿಗಳು, ಅಂದು ಮುನ್ನೂರು ಜನರಿಗೆ ಅಡುಗೆ ಮಾಡಿ ಬಡಿಸಿದವರು ಒಂದರಲ್ಲೂ ಇಲ್ಲ.

ಹುಡುಗನಿಗೆ ನಾನು ಅಂದೇ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಮೇಜನ್ನೇ ನೋಡಿ, "ಹಾಗಾದರೆ ಇದಿನ್ನೂ ಮುಗಿದಿಲ್ಲ" ಎಂದ. ಆಟಿಕೆಯಲ್ಲಿ ರಾಜಕೀಯ ಹುಡುಕಬೇಡಿರೆಂದ ಮಿತ್ರರು ಈ ಮಾತಿಗೆ ಉತ್ತರ ಹೇಳಲಿ.