ಬೆಂಕಿಪೊಟ್ಟಣದೊಳಗಿನ ಮೋಟಾರು

ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ವಿಚಿತ್ರವಾದ ಕಟ್ಟಳೆಯೊಂದಿತ್ತು. ಮಕ್ಕಳು ಮನೆಯಿಂದ ಆಟದ ಸಾಮಾನು ತರಬಹುದು. ಆದರೆ ಅದು ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕದಾಗಿರಬೇಕು. ಈ ನಿಯಮವನ್ನು ಮಾಡಿದ ಉಪಾಧ್ಯಾಯರು ತರಗತಿಯ ಶಾಂತಿಯನ್ನು ಬಯಸಿದ್ದರೇ ಹೊರತು, ಒಂದು ದೊಡ್ಡ ಉದ್ಯಮಕ್ಕೆ ತಾವು ತಳಹದಿ ಹಾಕುತ್ತಿರುವೆವೆಂದು ಕನಸಿನಲ್ಲಿಯೂ ಎಣಿಸಿರಲಾರರು. ಅಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ತಂದೆ ಜ್ಯಾಕ್ ಓಡೆಲ್. ಲೋಹದ ಎರಕದಲ್ಲಿ ಆತನದು ಪಳಗಿದ ಕೈ. ರಸ್ತೆಯನ್ನು ಸಮಮಾಡುವ ರೋಲರಿನ ಪುಟ್ಟ ಪ್ರತಿಕೃತಿಯೊಂದನ್ನು ಆತನು ಹಿತ್ತಾಳೆಯಲ್ಲಿ ಮಾಡಿ, ಬೆಂಕಿಪೊಟ್ಟಣದಲ್ಲಿಟ್ಟು ಮಗಳ ಕೈಗೆ ಕೊಟ್ಟನು. ಅದನ್ನು ಕಂಡ ಅವಳ ಜೊತೆಯ ಮಕ್ಕಳಿಗೆಲ್ಲ ಅಂತಹುದೇ ಬೇಕಾಯಿತು.

ಓಡೆಲ್ ಪಾಲುದಾರನಾಗಿದ್ದುದು ಲೆಸ್ನಿ ಎಂಬ ಸಣ್ಣ ಕಂಪೆನಿಯಲ್ಲಿ. ಅದನ್ನು 1947ರ ಜನವರಿಯಲ್ಲಿ ಆರಂಭಿಸಿದವರು ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಎಂಬಿಬ್ಬರು. ಮನೆತನದ ಹೆಸರು ಒಂದೇ ಆದರೂ ಇಬ್ಬರೂ ಬಂಧುಗಳಲ್ಲ. ಬಾಲ್ಯದ ಗೆಳೆಯರು, ನೌಕಾಪಡೆಯಲ್ಲಿ ಸೇವೆಮಾಡಿ ಬಂದವರು. ಒಬ್ಬನ ಹೆಸರಿನ ತಲೆಯನ್ನೂ ಇನ್ನೊಬ್ಬನ ಹೆಸರಿನ ಬಾಲವನ್ನೂ ಜೋಡಿಸಿ ‘ಲೆಸ್ನಿ’ ಎಂದು ಕರೆದರು. ಉತ್ತರ ಲಂಡನ್ನಿನಲ್ಲಿ ಬಾಗಿಲು ಮುಚ್ಚಿದ್ದ ಒಂದು ಹಳೆಯ ಪಾನಗೃಹವೇ ಅವರ ಮೊದಲ ಕಾರ್ಖಾನೆ. ಯಂತ್ರಗಳಿಗೆ ಬೇಕಾದ ಬಿಡಿಭಾಗಗಳನ್ನು ಎರಕ ಹೊಯ್ದುಕೊಡುವುದು ಅವರ ಕಸುಬು. ವರ್ಷದ ಕೊನೆಯಲ್ಲಿ ಬಿಡಿಭಾಗಗಳ ಬೇಡಿಕೆ ಇಳಿಯುತ್ತಿದ್ದುದರಿಂದ ಯಂತ್ರವನ್ನು ಸುಮ್ಮನೆ ನಿಲ್ಲಿಸುವುದೇಕೆಂದು ಆಟಿಕೆಗಳಿಗೆ ಕೈಹಾಕಿದರು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆದಾಗ ಅವರು ಮಾಡಿದ ಪುಟ್ಟ ರಾಜರಥ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದೇ ವರ್ಷ ಮಗಳ ರೋಲರಿನ ನೆನಪಿನಲ್ಲಿ ‘ಮ್ಯಾಚ್‌ಬಾಕ್ಸ್’ ಎಂಬ ಹೆಸರಿನ ಮಾಲೆಯೂ ಹೊರಬಿತ್ತು. ಒಂದನೆಯ ಅಂಕಿ ಸಹಜವಾಗಿಯೇ ರೋಲರಿಗೆ ಸಂದಿತು.

ಈ ಆಟಿಕೆಗಳನ್ನು ಮಾಡುವ ವಿಧಾನಕ್ಕೆ ಡೈಕ್ಯಾಸ್ಟ್ ಎಂದು ಹೆಸರು, ಅಚ್ಚೆರಕವೆಂದರೆ ಸರಿಹೋದೀತು. ಉಕ್ಕಿನಲ್ಲಿ ಕೊರೆದ ಎರಡು ಹೋಳಿನ ಅಚ್ಚಿನೊಳಕ್ಕೆ ಕರಗಿದ ಲೋಹವನ್ನು ಒತ್ತಡದಿಂದ ನುಗ್ಗಿಸುತ್ತಾರೆ. ಕ್ಷಣಮಾತ್ರದಲ್ಲಿ ಅದು ಗಟ್ಟಿಯಾಗಿ, ಬಾಗಿಲಿನ ಗೆರೆ, ದೀಪದ ಉಬ್ಬು, ಮುಂಭಾಗದ ಜಾಲರಿ ಎಲ್ಲವನ್ನೂ ಹೊತ್ತ ಗಾಡಿಯ ಮೈ ಹೊರಬರುತ್ತದೆ. ಲೋಹ ಮುಖ್ಯವಾಗಿ ಸತು; ಅದರೊಡನೆ ನೂರಕ್ಕೆ ನಾಲ್ಕು ಭಾಗದಷ್ಟು ಅಲ್ಯೂಮಿನಿಯಂ, ಅತ್ಯಲ್ಪ ಮೆಗ್ನೀಸಿಯಂ, ಕೆಲವೊಮ್ಮೆ ಸ್ವಲ್ಪ ತಾಮ್ರ. ಸುಮಾರು 400 ಡಿಗ್ರಿಯೊಳಗಿನ ಶಾಖಕ್ಕೇ ಇದು ಕರಗುವುದರಿಂದ ಅಚ್ಚು ಬೇಗನೆ ಸವೆಯದು. ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಗಾಡಿಗಳನ್ನು ತೆಗೆಯಬಹುದು. ಆಟಿಕೆಯ ಬೆಲೆ ಮಗುವಿನ ಕೈಖರ್ಚಿಗೆ ಎಟಕುವಂತಾದುದು ಇದರಿಂದಲೇ.

ಲೆಸ್ನಿಯವರ ಗಾಡಿಗಳಲ್ಲಿ ಅಳತೆಯ ತಮಾಷೆಯೊಂದುಂಟು. ನಿಜವಾದ ವಾಹನದ ಇಷ್ಟನೆಯ ಒಂದು ಭಾಗ ಎಂಬ ಏಕರೂಪದ ಲೆಕ್ಕ ಅವರಿಗಿರಲಿಲ್ಲ. ಪೊಟ್ಟಣದಲ್ಲಿ ಹಿಡಿಸಿದರೆ ಸಾಕಾಗಿತ್ತು. ಹೀಗಾಗಿ 5ನೆಯ ಸಂಖ್ಯೆಯ ಲಂಡನ್ನಿನ ಕೆಂಪು ಎರಡಂತಸ್ತಿನ ಬಸ್ಸೂ, 4ನೆಯ ಸಂಖ್ಯೆಯಾಗಿ ಮುಂದೆ ಬಂದ ಪಕ್ಕಗಾಡಿಯ ಟ್ರಯಂಫ್ ಮೋಟಾರುಸೈಕಲ್ಲೂ ಒಂದರ ಪಕ್ಕದಲ್ಲೊಂದು ನಿಂತರೆ, ಸೈಕಲ್ಲಿನ ಸವಾರನು ಬಸ್ಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಬಲ್ಲನೇನೋ ಎನಿಸುತ್ತದೆ. 36ನೆಯದಾಗಿ 1961ರಲ್ಲಿ ಬಂದುದು ಪಕ್ಕಗಾಡಿಯ ಲ್ಯಾಂಬ್ರೆಟ್ಟಾ ಸ್ಕೂಟರು. ನಮ್ಮ ನಗರಗಳ ಬೀದಿಗಳಿಗೂ ಆ ವರ್ಷಗಳಲ್ಲಿ ಲ್ಯಾಂಬ್ರೆಟ್ಟಾ ಅಪರಿಚಿತವಾಗಿರಲಿಲ್ಲ. 66ನೆಯದು ಅಮೆರಿಕದ ಹಾರ್ಲಿ ಡೇವಿಡ್‌ಸನ್. ಮಾಲೆಯ ಸಂಖ್ಯೆ 75ಕ್ಕೆ ನಿಂತಿತು. ಹೊಸ ಗಾಡಿ ಬಂದಾಗ ಹಳೆಯದನ್ನು ಕೈಬಿಟ್ಟು ಅದರ ಅಂಕಿಯನ್ನು ಇದಕ್ಕೆ ಕೊಡುತ್ತಿದ್ದರು. ಒಂದೇ ಅಂಕಿಯಲ್ಲಿ ಮೂರು ನಾಲ್ಕು ಬಗೆಯ ಗಾಡಿಗಳು ಇರುವುದು ಇದರಿಂದ. ಸಂಗ್ರಾಹಕನ ನಿದ್ರೆ ಕೆಡುವುದೂ ಇದರಿಂದಲೇ.

ಇವೆಲ್ಲ ಮಕ್ಕಳು ಆಡಿ ಮುಗಿಸಲೆಂದು ಮಾಡಿದ ವಸ್ತುಗಳು. ಮರಳಿನಲ್ಲಿ ಹೂತು, ಮೆಟ್ಟಿಲಿನಿಂದ ಉರುಳಿ, ಒಂದಕ್ಕೊಂದು ಡಿಕ್ಕಿ ಹೊಡೆದು, ಕಡೆಗೆ ಗಾಲಿ ಕಳೆದುಕೊಂಡು ಕಸದ ಬುಟ್ಟಿ ಸೇರುವುದೇ ಅವುಗಳ ಸಹಜಗತಿ. ಪೊಟ್ಟಣವಂತೂ ಕೊಂಡ ದಿನವೇ ಹರಿಯುತ್ತಿತ್ತು. ಆದುದರಿಂದ ಉಳಿದುಕೊಂಡದ್ದು ಕಡಮೆ, ಪೊಟ್ಟಣಸಹಿತವಾಗಿ ಉಳಿದುದು ಅದಕ್ಕಿಂತಲೂ ಕಡಮೆ. ಇಂದು ಸಂಗ್ರಾಹಕರ ಸಂತೆಯಲ್ಲಿ ಬಣ್ಣ ಮಾಸದ ಗಾಡಿಗೆ ಒಂದು ಬೆಲೆಯಾದರೆ, ಅದೇ ಗಾಡಿ ತನ್ನ ಮೂಲ ಪೊಟ್ಟಣದಲ್ಲಿದ್ದರೆ ಬೆಲೆ ಇಮ್ಮಡಿ ಮುಮ್ಮಡಿಯಾಗುವುದುಂಟು. ಕಾಗದದ ಡಬ್ಬಿಗೆ ಇಷ್ಟು ಹಣವೇ ಎಂದು ಮನೆಯೊಡತಿ ಹುಬ್ಬೇರಿಸಿದರೆ ಅದು ಅವಳ ತಪ್ಪಲ್ಲ. ರೇಷ್ಮೆ ಸೀರೆಯ ಪೆಟ್ಟಿಗೆಗೆ ಸೀರೆಯಷ್ಟೇ ಬೆಲೆಯೆಂದು ಅವಳು ಹೇಳಿದರೆ ಯಜಮಾನರು ಒಪ್ಪುವರೆ?

ಮ್ಯಾಚ್‌ಬಾಕ್ಸಿಗೆ ಹಿರಿಯಣ್ಣನಂತಿದ್ದುದು ಡಿಂಕಿ. ಲಿವರ್‌ಪೂಲಿನಲ್ಲಿ ಮೆಕಾನೋ ಎಂಬ ಜೋಡಣೆಯ ಆಟಿಕೆಗೂ ಆಟದ ರೈಲುಗಳಿಗೂ ಹೆಸರಾಗಿದ್ದ ಫ್ರ್ಯಾಂಕ್ ಹಾರ್ನ್‌ಬಿಯವರ ಕಂಪೆನಿ, ರೈಲು ನಿಲ್ದಾಣದ ಪಕ್ಕದಲ್ಲಿ ನಿಲ್ಲಿಸಲೆಂದು ಪುಟ್ಟ ಮೋಟಾರುಗಳನ್ನು ಮಾಡಿತು. 1934ರಲ್ಲಿ ಅವಕ್ಕೆ ಡಿಂಕಿ ಎಂದು ಹೆಸರಾಯಿತು. ಯುದ್ಧಪೂರ್ವದ ಡಿಂಕಿಗಳು ಈಗ ಬಂಗಾರದ ತುಂಡುಗಳು. ಅಂಗಡಿಯ ಹೆಸರನ್ನು ಹೊತ್ತ ಅಂತಹ ಒಂದು ಪುಟ್ಟ ಸಾಮಾನುಗಾಡಿ 2008ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 19,975 ಪೌಂಡುಗಳಿಗೆ ಹೋಯಿತು.

ಆದರೆ ಈ ಬಂಗಾರಕ್ಕೆ ಒಂದು ರೋಗವುಂಟು. ಯುದ್ಧಕ್ಕೆ ಮೊದಲು ಎರಕದ ಸತು ಎಲ್ಲ ಸಲವೂ ಶುದ್ಧವಾಗಿರುತ್ತಿರಲಿಲ್ಲ. ಅದರಲ್ಲಿ ಸೀಸ ಬೆರೆತಿದ್ದರೆ, ಲಕ್ಷಕ್ಕೆ ಐದು ಭಾಗವನ್ನು ಮೀರಿದರೂ ಸಾಕು, ಅಪಾಯದ ಬಾಗಿಲು ತೆರೆದಂತೆಯೇ. ಲೋಹದ ಕಣಗಳ ನಡುವಣ ಗಡಿಗಳಲ್ಲಿ ಮೆಲ್ಲಮೆಲ್ಲನೆ ಕ್ಷಯ ಹತ್ತುತ್ತದೆ. ಮೊದಲು ಬಣ್ಣದ ಮೇಲೆ ಕೂದಲೆಳೆಯಂತಹ ಬಿರುಕು. ಅನಂತರ ಮೈ ಉಬ್ಬಿ ಡೊಂಕಾಗುವುದು. ಕಡೆಗೆ ಮುಟ್ಟಿದರೆ ರಸ್ಕಿನಂತೆ ಪುಡಿಯಾಗುವುದು. ಸೆಕೆಯೂ ತೇವವೂ ಕೂಡಿದಲ್ಲಿ ಇದು ಬೇಗ ಹಬ್ಬುತ್ತದೆ. ಎರಕ ಹೊಯ್ದ ದಿನವೇ ಒಳಹೊಕ್ಕ ಈ ದೋಷಕ್ಕೆ ಮದ್ದಿಲ್ಲ. ಒಣಗಿದ, ಶಾಖ ಏರಿಳಿಯದ ಜಾಗದಲ್ಲಿಟ್ಟು ಆಯುಸ್ಸನ್ನು ಸ್ವಲ್ಪ ಹೆಚ್ಚಿಸಬಹುದು, ಅಷ್ಟೆ. ಆಡಿದ ಮಗುವಿನ ಕೈಯಿಂದ ಪಾರಾಗಿ, ಗಾಜಿನ ಬೀರುವಿನಲ್ಲಿ ಅರಮನೆಯ ಮರ್ಯಾದೆ ಪಡೆದ ಗಾಡಿ ಯಾರೂ ಮುಟ್ಟದೆಯೇ ಕುಸಿದುಬೀಳುವುದನ್ನು ಕಂಡವರ ವ್ಯಸನ ಚಿಕ್ಕದಲ್ಲ. ಯುದ್ಧಾನಂತರ ಲೋಹದ ಶುದ್ಧಿಯನ್ನು ಬಿಗಿಯಾಗಿ ನೋಡಿಕೊಂಡುದರಿಂದ ಲೆಸ್ನಿಯವರ ಗಾಡಿಗಳಿಗೆ ಈ ಪೀಡೆ ಅಷ್ಟಾಗಿ ತಟ್ಟಲಿಲ್ಲ.

ಅಟ್ಟದ ಮೇಲಿನ ಹಳೆಯ ಟ್ರಂಕಿನಲ್ಲಿ ತಂದೆಯೋ ಚಿಕ್ಕಪ್ಪನೋ ಆಡಿಬಿಟ್ಟ ಇಂತಹ ಗಾಡಿಗಳು ದೊರೆತಾಗ ಮನೆಯವರಿಗೆ ಹುಟ್ಟುವ ಮೊದಲ ಆಸೆ ಅವಕ್ಕೆ ಹೊಸ ಬಣ್ಣ ಬಳಿಯುವುದು. ಇದಕ್ಕಿಂತ ದೊಡ್ಡ ಅನರ್ಥ ಬೇರೊಂದಿಲ್ಲ. ಅಂಚಿನಲ್ಲಿ ಬಣ್ಣ ಹಾರಿದ ಮೂಲ ಗಾಡಿಗೆ ಸಂಗ್ರಾಹಕರಲ್ಲಿ ಗೌರವವುಂಟು. ಮಿರಮಿರನೆ ಹೊಳೆಯುವ ಮರುಬಣ್ಣದ ಗಾಡಿಯನ್ನು ಕಂಡರೆ ಅವರು ಮುಖ ತಿರುಗಿಸುತ್ತಾರೆ. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಬಣ್ಣವೂ ಪೊಟ್ಟಣದ ಚಿತ್ರವೂ ಮಂಕಾಗುತ್ತವೆ. ಮಳೆಗಾಲದಲ್ಲಿ ಗೋಡೆ ಬೆವರುವ ಕರಾವಳಿಯ ಮನೆಗಳಲ್ಲಿ ಗಾಳಿಯಾಡದ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾದ ಚೀಲವನ್ನಿಡುವುದು ಕ್ಷೇಮ. ಪೊಟ್ಟಣಗಳಿಗೆ ಗೆದ್ದಲು ಜಿರಲೆಗಳ ಭಯ ಬೇರೆ.

ಇನ್ನೊಂದು ಮಾತನ್ನು ತಾಯಂದಿರು ಅವಶ್ಯವಾಗಿ ಗಮನಿಸಬೇಕು. ಆ ಕಾಲದ ಆಟಿಕೆಗಳ ಬಣ್ಣದಲ್ಲಿ ಸೀಸ ಇದ್ದಿರಬಹುದು. ಅಜ್ಜನ ಮೋಟಾರೆಂಬ ಮಮತೆಯಿಂದ ಅದನ್ನು ಹಲ್ಲು ಬರುತ್ತಿರುವ ಕೂಸಿನ ಕೈಗೆ ಕೊಟ್ಟರೆ, ಕೂಸು ಮಾಡುವ ಮೊದಲ ಕೆಲಸ ಅದನ್ನು ಬಾಯಿಗಿಡುವುದು. ಸೀಸ ಎಳೆಯ ಮೆದುಳಿಗೆ ವಿಷ. ಹಳೆಯ ಗಾಡಿ ದೊಡ್ಡವರ ಬೀರುವಿನಲ್ಲಿರಲಿ, ಕೂಸಿಗೆ ಹೊಸದನ್ನು ಕೊಡಲಿ. ಸಣ್ಣ ಗಾಲಿಗಳು ಕಳಚಿ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ಹೊಸದಾದರೂ ಮೂರು ವರ್ಷ ತುಂಬಿದ ಮೇಲೆಯೇ.

ಆಟಿಕೆಯ ಚಾತುರ್ಯದಲ್ಲಿ ಎಲ್ಲರನ್ನೂ ಮೀರಿಸಿದ ಕೀರ್ತಿ ಕಾರ್ಗಿಯವರದು. 1956ರಲ್ಲಿ ವೇಲ್ಸಿನಿಂದ ಹೊರಟ ಈ ಗಾಡಿಗಳಿಗೆ ಕಿಟಕಿಯ ಗಾಜಿತ್ತು. ಡಿಂಕಿಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. 1965ರಲ್ಲಿ ಅವರು ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಕಾರನ್ನು ತಂದರು. ಗುಂಡಿಯೊತ್ತಿದರೆ ಚಾವಣಿ ತೆರೆದು, ಪಕ್ಕದ ಆಸನದಲ್ಲಿದ್ದ ಖಳನು ಛಂಗನೆ ಹಾರಿಹೋಗುತ್ತಿದ್ದನು. ಮೂರೇ ವರ್ಷಗಳಲ್ಲಿ ಸುಮಾರು ಮೂವತ್ತು ಲಕ್ಷ ಕಾರುಗಳು ಮಾರಿದವು. ಹಾರಿಹೋದ ಖಳನು ಮಾತ್ರ ಎಷ್ಟೋ ಮನೆಗಳಲ್ಲಿ ಸೋಫಾದ ಕೆಳಗೆ ಸೇರಿ ಮತ್ತೆ ಕಾಣಲಿಲ್ಲ. ಅಕ್ಕಿಕಾಳಿನಷ್ಟಲ್ಲದಿದ್ದರೂ ಕಡಲೆಬೀಜದಷ್ಟಿರುವ ಆ ದುಷ್ಟನನ್ನು ಈಗ ಸಂಗ್ರಾಹಕರು ದೀಪ ಹಚ್ಚಿ ಹುಡುಕುತ್ತಾರೆ.

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪೆನಿ ಹಾಟ್ ವೀಲ್ಸ್ ಗಾಡಿಗಳನ್ನು ಬಿಟ್ಟಾಗ ಆಟದ ಸ್ವರೂಪವೇ ಬದಲಾಯಿತು. ತೆಳುವಾದ ತಂತಿಯ ಅಚ್ಚುಗಳ ಮೇಲೆ ನಿಂತ ಈ ಗಾಡಿಗಳು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾದಿಯಲ್ಲಿ ಬಾಣದಂತೆ ಓಡಿದವು. ಲೆಸ್ನಿ ಮರುವರ್ಷವೇ ‘ಸೂಪರ್‌ಫಾಸ್ಟ್’ ಎಂಬ ವೇಗದ ಗಾಲಿಗಳಿಂದ ಉತ್ತರ ಕೊಟ್ಟಿತು. ಹಳೆಯ ಗಾಲಿಯವು, ಹೊಸ ಗಾಲಿಯವು ಎಂದು ಸಂಗ್ರಾಹಕರಲ್ಲಿ ಅಂದಿನಿಂದ ಎರಡು ಪಂಗಡ. ಲೆಸ್ನಿ 1982ರಲ್ಲಿ ದಿವಾಳಿಯಾಗಿ, ಮ್ಯಾಚ್‌ಬಾಕ್ಸ್ ಎಂಬ ಹೆಸರು ಕೈಯಿಂದ ಕೈಗೆ ಹೋಗಿ, 1997ರಲ್ಲಿ ಅದೇ ಮ್ಯಾಟೆಲ್ಲಿನ ಮಡಿಲಿಗೆ ಬಿದ್ದಿತು. ಸೋಲಿಸಿದವನ ಮನೆಯಲ್ಲಿಯೇ ಸೋತವನ ವಾಸ.

ಹಾಟ್ ವೀಲ್ಸ್ ಇಂದು ಬೆಂಗಳೂರಿನ ಅಂಗಡಿಗಳಲ್ಲಿಯೂ ರಟ್ಟಿನ ಹಾಳೆಗೆ ಅಂಟಿದ ಪಾರದರ್ಶಕ ಗುಳ್ಳೆಯೊಳಗೆ ತೂಗುತ್ತಿರುತ್ತದೆ. ಈ ಗುಳ್ಳೆಯನ್ನು ಒಡೆಯಬೇಕೆ, ಬೇಡವೆ? ಇದೇ ಇಂದಿನ ಸಂಗ್ರಾಹಕರ ಮಹಾಚರ್ಚೆ. ಒಡೆಯದಿದ್ದರೆ ಬೆಲೆ ಏರೀತೆಂಬ ಆಸೆಯಿಂದ ಗೋಡೆಯ ತುಂಬ ತೂಗುಹಾಕಿದವರಿದ್ದಾರೆ. ಆದರೆ ಹಳೆಯ ಗಾಡಿಗಳಿಗೆ ಬೆಲೆ ಬಂದುದು ಲಕ್ಷಾಂತರ ಮಕ್ಕಳು ಅವನ್ನು ಒಡೆದು ಹಾಳುಮಾಡಿದ್ದರಿಂದ. ಎಲ್ಲರೂ ಜೋಪಾನ ಮಾಡತೊಡಗಿದರೆ ಅಪರೂಪವೆಂಬುದು ಎಲ್ಲಿ ಉಳಿದೀತು? ಮುಂದಿನ ಲಾಭವನ್ನು ನೆನೆದು ಮನೆಯ ಸಾಮಾನಿನ ಹಣದಲ್ಲಿ ಗುಳ್ಳೆಗಳನ್ನು ಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು. ಅಪ್ಪನು ತನಗಾಗಿ ಆಟದ ಕಾರು ತಂದು, ‘ಮುಟ್ಟಬೇಡ’ ಎಂದು ಮಗನಿಗೆ ಹೇಳುವ ದೃಶ್ಯದಲ್ಲಿ ಹಾಸ್ಯವೆಷ್ಟಿದೆಯೋ ಅಷ್ಟೇ ಕ್ರೌರ್ಯವೂ ಇದೆ. ಅದೇ ಗಾಡಿ ಎರಡಿದ್ದರೆ ಒಂದು ಗೋಡೆಗೆ, ಇನ್ನೊಂದು ನೆಲಕ್ಕೆ. ಒಂದೇ ಇದ್ದರೆ ಅದು ನೆಲಕ್ಕೆ ಸಲ್ಲುವುದೇ ನ್ಯಾಯ.

ಆರಂಭಿಸುವವರು ಒಂದು ಎಲ್ಲೆಯನ್ನು ಹಾಕಿಕೊಳ್ಳುವುದು ಒಳ್ಳೆಯದು. ಬಸ್ಸುಗಳನ್ನೇ ಕೂಡಿಸಬಹುದು, ಮೋಟಾರುಸೈಕಲ್ಲುಗಳನ್ನೇ ಕೂಡಿಸಬಹುದು, ತಾವು ನಿಜವಾಗಿ ಹತ್ತಿ ಓಡಾಡಿದ ವಾಹನಗಳನ್ನು ಮಾತ್ರ ಕೂಡಿಸುವುದು ಎಲ್ಲಕ್ಕಿಂತ ಸೊಗಸು. ಹಳೆಯದನ್ನು ಕೊಳ್ಳುವಾಗ ತಳದ ರಿವೆಟ್ಟನ್ನು ನೋಡಬೇಕು. ಅದನ್ನು ಕೊರೆದು ತೆಗೆದ ಗುರುತಿದ್ದರೆ ಗಾಡಿಯನ್ನು ಬಿಚ್ಚಿ ಬಣ್ಣ ಬಳಿದಿರುವರೆಂದೇ ತಿಳಿಯಬೇಕು. ಹೊಸದಾಗಿ ಅಚ್ಚುಹಾಕಿದ ಹಳೆಯ ಮಾದರಿಯ ಪೊಟ್ಟಣಗಳೂ ಮಾರಾಟಕ್ಕಿವೆ. ಹಾಗೆಂದು ಹೇಳಿ ಮಾರಿದರೆ ದೋಷವಿಲ್ಲ.

ನಮ್ಮ ದೇಶದ ಪಾಲು ಈ ಕಥೆಯಲ್ಲಿ ಇಲ್ಲದಿಲ್ಲ. ಡಿಂಕಿಯವರು ತಮಗೆ ಬೇಡವಾದ ಕೆಲವು ಅಚ್ಚುಗಳನ್ನು ಕಲ್ಕತ್ತೆಯ ಎಸ್. ಕುಮಾರ್ ಅಂಡ್ ಕಂಪೆನಿಗೆ ಮಾರಿದರು. ಅಲ್ಲಿ ಅವೇ ಅಚ್ಚುಗಳಿಂದ ಜಾಗ್ವಾರ್ ಈ-ಟೈಪ್, ಮರ್ಸಿಡಿಸ್ ಮೊದಲಾದ ಕಾರುಗಳು ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಹೊರಬಂದವು. ಎರಕ ಸ್ವಲ್ಪ ಒರಟು, ಬಣ್ಣ ಸ್ವಲ್ಪ ದಪ್ಪ. ಆಂಗ್ಲ ಸಂಗ್ರಾಹಕರು ಒಂದು ಕಾಲಕ್ಕೆ ಇವನ್ನು ಬಡನೆಂಟರಂತೆ ಕಾಣುತ್ತಿದ್ದರು. ಲಿವರ್‌ಪೂಲಿನ ಡಿಂಕಿ ಕಾರ್ಖಾನೆ 1979ರಲ್ಲಿ ಮುಚ್ಚಿತು. ಈಗ ಕಲ್ಕತ್ತೆಯ ಕಾರುಗಳನ್ನೂ ಬೇಕೆಂದು ಹುಡುಕುವವರು ಅಲ್ಲಿಯೇ ಇದ್ದಾರೆ. ನಮ್ಮವರ ಅಟ್ಟಗಳಲ್ಲಿ ಇವು ಇನ್ನೂ ಸಿಕ್ಕಾವು. ಕಾರನ್ನು ಮಗುಚಿ ತಳವನ್ನು ಬೆಳಕಿಗೆ ಹಿಡಿದರೆ, ಅಚ್ಚಿನಲ್ಲಿದ್ದ ಡಿಂಕಿಯ ಹೆಸರನ್ನು ಕೆರೆದು ಅಳಿಸಿದ ಗುರುತು ಕೆಲವು ಕಾರುಗಳಲ್ಲಿ ಇಂದಿಗೂ ಕಾಣುತ್ತದೆ.