ಪ್ರವಾಸಕ್ಕೂ ಒಂದು ಮುಯ್ಯಿ ಬೇಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಮ್ಮ ರೈತರಿಗೆ ಒಂದು ನೇರ ಪ್ರಶ್ನೆ. ಅವ್ವ, ಅಪ್ಪ, ಹೆಂಡ್ತಿ, ಮಕ್ಕಳು, ಒಬ್ಬರನ್ನೂ ಮನೇಲಿ ಬಿಡದೆ ಎಲ್ಲರೂ ಒಟ್ಟಿಗೆ ಒಂದು ಇಡೀ ದಿನ ಹೊರಗಡೆ ಹೋಗಿ ಬಂದಿದ್ದು ಯಾವಾಗ? ಮದುವೆ, ತಿಥಿ, ಆಸ್ಪತ್ರೆ, ಕೋರ್ಟು ಲೆಕ್ಕಕ್ಕಿಲ್ಲ. ಸುಮ್ಮನೆ ನೋಡಿಕೊಂಡು ಬರೋಕೆ ಅಂತ ಹೋಗಿದ್ದು.

ಇದನ್ನ ನಮ್ಮೂರ ಡೇರಿ ಕಟ್ಟೆ ಮೇಲೆ ಹತ್ತು ಜನರ ಹತ್ರ ಕೇಳಿದೆ. ಒಬ್ಬರು ಧರ್ಮಸ್ಥಳ ಅಂದ್ರು. ಯಾವ ವರ್ಷ ಅಂದೆ, ಮಗಳು ಹುಟ್ಟಿದ ವರ್ಷ ಅಂದ್ರು. ಆ ಮಗಳಿಗೆ ಈಗ ಮದುವೆ ಆಗಿದೆ. ಮಿಕ್ಕವರು ನಕ್ಕು ಸುಮ್ಮನಾದ್ರು. ಒಬ್ಬ ಅಣ್ಣ ಮಾತ್ರ, "ಹಸಾ ಕಟ್ಟಿದ ಮೇಲೆ ನಾವೂ ಗೂಟಕ್ಕೆ ಕಟ್ಟಾಕ್ಕೊಂಡಂಗೆ ಕಣಪ್ಪ" ಅಂದ.

ಅದೇ ಊರ ಮುಂದಿನ ರಸ್ತೆಯಲ್ಲಿ ಶನಿವಾರ ಭಾನುವಾರ ಬಂತು ಅಂದ್ರೆ ಬೆಂಗಳೂರಿನ ಕಾರು ಬೈಕು ಸಾಲಾಗಿ ಬರ್ತವೆ. ಸಾವನದುರ್ಗ, ಮಂಚನಬೆಲೆ, ರಾಮದೇವರ ಬೆಟ್ಟ, ಕಣ್ವ, ಸಂಗಮ, ಮೇಕೆದಾಟು. ಇಷ್ಟೆಲ್ಲಾ ನಮ್ಮ ಮನೆಯಿಂದ ಹೆಚ್ಚೂಕಡಿಮೆ ಒಂದೊಂದು ದಿನದಲ್ಲಿ ಹೋಗಿ ಬರೋ ದೂರ. ನೂರಾರು ಕಿಲೋಮೀಟರಿಂದ ಜನ ಹುಡುಕ್ಕೊಂಡು ಬರೋ ಜಾಗದಲ್ಲೇ ಹುಟ್ಟಿ, ಆ ಜಾಗ ನೋಡದೆ ಸಾಯೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಅದರಲ್ಲೂ ಹೆಂಗಸರು.

ಮೊದಲೂ ಹಿಂಗೇ ಇತ್ತು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ನಮ್ಮ ತಾತನ ಕಾಲದೋರು ತಿರುಗಾಡ್ತಿದ್ರು. ಅದನ್ನ ಪ್ರವಾಸ ಅಂತ ಕರೀತಿರಲಿಲ್ಲ ಅಷ್ಟೆ. ಸಂಕ್ರಾಂತಿ ಮುಗಿದ ಮೇಲೆ ಕೆಂಗಲ್ ಅಯ್ಯನಗುಡಿ ದನಗಳ ಜಾತ್ರೆಗೆ ಗಾಡಿ ಕಟ್ಟಿದ್ರೆ ನಾಲ್ಕು ದಿನ ಮನೆ ಕಡೆ ಬರ್ತಿರಲಿಲ್ಲ. ಒಂದು ವರ್ಷ ನನ್ನನ್ನೂ ಗಾಡಿಗೆ ಹತ್ತಿಸಿಕೊಂಡಿದ್ರು. ನನಗೆ ಎಂಟೋ ಒಂಬತ್ತೋ ವಯಸ್ಸು. ರಾತ್ರಿ ಗಾಡಿ ಕೆಳಗೆ ಹುಲ್ಲು ಹಾಸ್ಕೊಂಡು ಮಲಗಿದ್ದು, ಪಕ್ಕದ ಗಾಡಿಯೋರು ಕೊಟ್ಟ ಅವರೆಕಾಳು ಸಾರು, ಬೆಳಿಗ್ಗೆ ಮಂಜಲ್ಲಿ ಹಳ್ಳಿಕಾರ್ ಎತ್ತುಗಳ ಕೊಂಬು ಮಾತ್ರ ಕಾಣ್ತಿದ್ದದ್ದು, ಇವತ್ತಿಗೂ ಕಣ್ಣಲ್ಲಿದೆ. ದಲ್ಲಾಳಿ ಟವೆಲ್ ಕೆಳಗೆ ಕೈ ಹಾಕಿ ತಾತನ ಬೆರಳು ಹಿಸುಕಿ ರೇಟು ಮಾತಾಡಿದ. ಟವೆಲ್ ಕೆಳಗೆ ಏನು ನಡೀತಿದೆ ಅಂತ ನಾನು ಬಗ್ಗಿ ನೋಡೋಕೆ ಹೋಗಿ ತಲೆ ಮೇಲೆ ಒಂದು ಮೊಟಕಿಸಿಕೊಂಡೆ. ಜೋಡಿ ಮಾರಾಯ್ತು. ಹಗ್ಗ ಮಾತ್ರ ತಾತ ಕೊಡಲಿಲ್ಲ, ಹೆಗಲ ಮೇಲೆ ಹಾಕ್ಕೊಂಡು ವಾಪಸ್ ತಂದ್ರು. ದಾರಿ ಉದ್ದಕ್ಕೂ ಒಂದು ಮಾತಾಡಲಿಲ್ಲ.

ನನಗೆ ಇಷ್ಟವಾದ ಜಾಗ ಯಾವುದು ಅಂತ ಯಾರು ಕೇಳಿದ್ರೂ ಮೊದಲು ಬಾಯಿಗೆ ಬರೋದು ಅಯ್ಯನಗುಡಿಯೇ. ಊಟಿ ನೋಡಿದ್ದೀನಿ, ಕಾಲೇಜು ಟೂರಲ್ಲಿ. ಚಳಿ ಆಗಿತ್ತು ಅನ್ನೋದು ಬಿಟ್ರೆ ಏನೂ ನೆನಪಿಲ್ಲ.

ಆ ಕಾಲದಲ್ಲಿ ತಾತ ನಾಲ್ಕು ದಿನ ಹೋಗೋಕೆ ಆಗಿದ್ದು ಹೆಂಗೆ? ಮನೇಲಿದ್ದದ್ದು ನಾಟಿ ಹಸ. ಲೀಟರ್ ಲೆಕ್ಕ ಹಾಕೋ ಅಷ್ಟು ಹಾಲೇ ಇರಲಿಲ್ಲ, ಒಂದು ಹೊತ್ತು ತಡ ಆದ್ರೂ ಕರು ಕುಡ್ಕೊಳ್ತಿತ್ತು. ಮೇಲಾಗಿ ತುಂಬಿದ ಮನೆ. ಈಗ ಎಚ್‌ಎಫ್ ಹಸು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕರೀಲೇಬೇಕು. ಒಂದು ಹೊತ್ತು ತಪ್ಪಿದ್ರೆ ಕೆಚ್ಚಲು ಬಿಗಿಯುತ್ತೆ, ಕೆಚ್ಚಲು ಬಾವು ಬಂದ್ರೆ ಒಂದು ತಿಂಗಳ ಹಾಲಿನ ಬಟವಾಡೆ ಔಷಧಿಗೇ ಸರಿಹೋಗುತ್ತೆ. ಅದರ ಮೇಲೆ ರೇಷ್ಮೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋ ಸೊಪ್ಪು ನಿಮಗೆ ಗೊತ್ತೇ ಇದೆ. ಇಡೀ ಬೆಳೆಗೆ ಬೇಕಾದ ಸೊಪ್ಪಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಆಗ ಸ್ವಂತ ಅಣ್ಣನ ಮನೆ ಗೃಹಪ್ರವೇಶಕ್ಕೂ ನಾವು ಹೋಗಲ್ಲ, ಅವರೂ ಬೇಜಾರು ಮಾಡ್ಕೊಳ್ಳಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯ್ತು. ಒಳ್ಳೇದೇ ಆಯ್ತು, ನಾನು ಅದನ್ನ ಆಡಿಕೊಳ್ಳೋರ ಪೈಕಿ ಅಲ್ಲ. ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳು ಮೊದಲನೇ ಸಲ ಧರ್ಮಸ್ಥಳ, ಚಾಮುಂಡಿ ಬೆಟ್ಟ ನೋಡಿದ್ದು ಅದರಿಂದಾನೇ. ಆದ್ರೆ ಗಮನಿಸಿ, ಹೋಗಿ ಬಂದೋರಲ್ಲಿ ಹಸು ಇಲ್ಲದ ಮನೆಯೋರೇ ಜಾಸ್ತಿ. ನಮ್ಮವ್ವನ್ನ ಪಕ್ಕದ ಮನೆಯೋರು ಕರೆದಾಗ, "ಬಸ್ಸೇನೋ ಪುಕ್ಕಟೆ, ಸಂಜೆ ಆಲು ಕರ್ಯೋರು ಯಾರವ್ವ, ಸರ್ಕಾರದೋರು ಬತ್ತಾರಾ?" ಅಂದ್ಲು. ಟಿಕೆಟ್ ದುಡ್ಡಿಗಿಂತ ದೊಡ್ಡ ಅಡ್ಡಿ ಅದು. ಅದನ್ನ ಬಿಡಿಸೋಕೆ ಸರ್ಕಾರದಿಂದ ಆಗಲ್ಲ, ನಮ್ಮಿಂದ ಆಗುತ್ತೆ.

ನಾನು ಹೇಳ್ತಿರೋದು ಹೊಸದೇನಲ್ಲ, ಮುಯ್ಯಿ. ನಾಟಿಗೆ, ಕಳೆಗೆ, ರಾಗಿ ಕೊಯ್ಲಿಗೆ ಮುಯ್ಯಾಳು ಹೋಗ್ತಿದ್ವಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ದುಡ್ಡಿನ ಮಾತೇ ಇಲ್ಲ. ಕೊಯ್ಲಿನ ಮಿಷಿನ್ ಬಂದ ಮೇಲೆ ಅದು ನಿಂತೋಯ್ತು. ಅದನ್ನ ತಿರುಗಾಟಕ್ಕೆ ತನ್ನಿ. ನೀವು ಹೋದ ದಿನ ನಿಮ್ಮ ಹಸು ನಾವು ಕರೀತೀವಿ, ನಾವು ಹೋದ ದಿನ ನಮ್ಮದು ನೀವು.

ನಾವು ನಾಲ್ಕು ಮನೆಯೋರು ಎರಡು ವರ್ಷದಿಂದ ಮಾಡ್ತಿದ್ದೀವಿ. ಕೆಲವು ವಿಷಯ ಅನುಭವದ ಮೇಲೆ ಹೇಳಬಹುದು. ಎಚ್‌ಎಫ್ ಹಸು ಹೊಸಬರು ಕೂತ್ರೆ ಸೊರೆ ಬಿಡಲ್ಲ, ಅದಕ್ಕೆ ಕರೆಯೋರು ಎರಡು ದಿನ ಮುಂಚೆಯಿಂದ ಸಂಜೆ ಹೊತ್ತು ಬಂದು ಮೈ ಸವರಿ ಹೋಗಬೇಕು. ಹಿಂಡಿ, ಬೂಸ ಎಷ್ಟು ಅಂತ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಡೇರಿಗೆ ಹಾಲು ಹಸುವಿನ ಯಜಮಾನರ ಹೆಸರಿಗೇ ಹಾಕಬೇಕು, ಇದರಲ್ಲಿ ಸಂಕೋಚ ಬೇಡ, ಆಮೇಲೆ ಮನಸ್ತಾಪಕ್ಕೆ ಇದೇ ದಾರಿ. ಇನ್ನೊಂದು ಬಹಳ ಮುಖ್ಯ. ಮುಯ್ಯಿ ಕೊಟ್ಟಿಗೆಗೆ ಮಾತ್ರ, ಹುಳದ ಮನೆಗೆ ಬೇಡ. ಹುಳ ಮೇಯಿಸೋರು ಒಬ್ಬರ ಹುಳದ ಮನೆಯಿಂದ ಇನ್ನೊಬ್ಬರದಕ್ಕೆ ಓಡಾಡಿದ್ರೆ ಹಾಲುತೊಂಡೆ, ಸುಣ್ಣಕಟ್ಟು ರೋಗಾನೂ ಜೊತೇಲೇ ಓಡಾಡುತ್ತೆ. ಅದಕ್ಕೇ ತಿರುಗಾಟ ಇಟ್ಕೊಳ್ಳಬೇಕಾದ್ದು ಗೂಡು ಮಾರ್ಕೆಟ್‌ಗೆ ಹಾಕಿ ಬಂದ ಮೇಲೆ, ಮುಂದಿನ ಚಾಕಿ ತರೋದರೊಳಗೆ. ಹುಳದ ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆದು ಬಾಗಿಲು ಹಾಕ್ತೀವಲ್ಲ, ಆ ಮಧ್ಯದಲ್ಲಿ ಒಂದು ದಿನ.

ಮೊದಲ ಸಲ ಅವ್ವನ್ನ ಕರ್ಕೊಂಡು ಹೋಗಿದ್ದು ಸಾವನದುರ್ಗಕ್ಕೆ. ನಮ್ಮ ಬದುವಿನ ಮೇಲೆ ನಿಂತರೆ ಆ ಬೆಟ್ಟ ಕಾಣುತ್ತೆ. ಮಳೆ ಬರುತ್ತಾ ಇಲ್ವಾ ಅಂತ ಅವ್ವ ಲೆಕ್ಕ ಹಾಕೋದೇ ಆ ಬೆಟ್ಟದ ಮೇಲಿನ ಮೋಡ ನೋಡಿ. ಮದುವೆಯಾಗಿ ಬಂದು ನಲವತ್ತು ವರ್ಷ ದಿನಾ ನೋಡಿದ ಬೆಟ್ಟದ ಬುಡಕ್ಕೆ ಒಂದು ಸಲಾನೂ ಹೋಗಿರಲಿಲ್ಲ. "ಅದೇನು ಕಲ್ಲು ನೋಡಾಕೆ ಓಗಾದು, ದಿನಾ ಕಾಣ್ತದಲ್ಲ" ಅಂತ ಗೊಣಗ್ಕೊಂಡೇ ಹೊರಟ್ಲು. ಸಮುದ್ರ ಮಟ್ಟದಿಂದ 1,226 ಮೀಟರ್, ಏಷ್ಯಾದಲ್ಲೇ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು, 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪು ಕೈಯಿಂದ ಕೋಟೆ ಕಿತ್ಕೊಂಡಿದ್ದು, ಎಲ್ಲಾ ಮಗಳು ಫೋನ್ ನೋಡಿ ಓದಿ ಹೇಳಿದ್ಲು. ಅವ್ವ ಕೇಳಿಸಿಕೊಳ್ಳಲೇ ಇಲ್ಲ. ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಇಬ್ಬರಿಗೂ ಕೈ ಮುಗಿದು, ಹೊರಗಡೆ ಬಂದು, ದಾರಿ ಪಕ್ಕದ ಹುಣಸೆಮರ ನೋಡಿ, "ಇದನ್ನ ಯಾರು ಗುತ್ತಿಗೆ ಇಡ್ದವ್ರೆ, ಇನ್ನೂ ಬಡಿದೇ ಇಲ್ವಲ್ಲ" ಅಂತ ಅಲ್ಲಿದ್ದ ಹೆಂಗಸಿನ ಹತ್ರ ವಿಚಾರಣೆಗೆ ಕೂತ್ಲು.

ಆಮೇಲೆ ಬಂಡೆ ಮೇಲೆ ಒಂದು ಐವತ್ತು ಹೆಜ್ಜೆ ಹತ್ತಿದ್ಲು. ನಮ್ಮೂರು ಯಾವ ದಿಕ್ಕು ಅಂತ ಕೇಳಿದ್ಲು. ತೋರಿಸಿದೆ. ಸುಮಾರು ಹೊತ್ತು ಆ ಕಡೆ ನೋಡಿ, "ಅಲ್ಲಿಂದ ಇದು ಕಾಣ್ತದೆ, ಇಲ್ಲಿಂದ ನಾವು ಕಾಣಾಕಿಲ್ಲ" ಅಂದ್ಲು. ಅಷ್ಟೆ. ವಾಪಸ್ ಬಂದ ಮೇಲೆ ಮೋಡ ನೋಡೋವಾಗೆಲ್ಲ "ನಾನು ಕೂತಿದ್ದೆನಲ್ಲ, ಅದರ ಮೇಲ್ಗಡೆ" ಅಂತ ಹೇಳ್ತಾಳೆ.

ಜಾನಪದ ಲೋಕಕ್ಕೆ ಹೋಗಿಲ್ಲದೋರು ದಯವಿಟ್ಟು ಮನೆಯ ವಯಸ್ಸಾದೋರನ್ನ ಕರ್ಕೊಂಡು ಹೋಗಿ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದೋರು. ಅವರು ಹಳ್ಳಿ ಹಳ್ಳಿ ತಿರುಗಿ ಸಾಮಾನು ಕೂಡಿಸಿ, ರಾಮನಗರ ಚನ್ನಪಟ್ಟಣ ಮಧ್ಯೆ ಕಟ್ಟಿದ ಜಾಗ ಅದು. 1994ರಲ್ಲಿ ಶುರುವಾಯ್ತು. ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಆ ಹಳೇ ರಸ್ತೆಯಲ್ಲಿ ಗಲಾಟೆ ಕಮ್ಮಿ. (ಎಕ್ಸ್‌ಪ್ರೆಸ್‌ವೇ ಮೇಲೆ ನಮ್ಮ ಟ್ರ್ಯಾಕ್ಟರ್, ಬೈಕಿಗೆ ಪ್ರವೇಶ ಇಲ್ಲ ಬಿಡಿ, ನಾವು ಹಳೇ ರಸ್ತೆಯೋರೇ.) ಒಳಗಡೆ ನೇಗಿಲು, ಕೂರಿಗೆ, ಒನಕೆ, ಬೀಸೋ ಕಲ್ಲು ನೋಡ್ತಾ ಅವ್ವನ ಬಾಯಿ ನಿಲ್ಲಲಿಲ್ಲ. ಬೆಂಗಳೂರಿನ ನಾಲ್ಕು ಕಾಲೇಜು ಹುಡುಗಿಯರು ಹಿಂದೆ ಹಿಂದೇನೇ ಬಂದು ಕೇಳಿಸಿಕೊಂಡ್ರು. ನಲವತ್ತು ವರ್ಷ ದುಡಿದ ಹೆಂಗಸು ಗೊತ್ತಿರೋಳು ಅನ್ನಿಸಿಕೊಂಡಿದ್ದನ್ನ ನಾನು ನೋಡಿದ್ದು ಅಲ್ಲೇ.

ರಾಮದೇವರ ಬೆಟ್ಟ ಅಂದ್ರೆ ಹೊರಗಿನೋರಿಗೆಲ್ಲ 1975ರ ಶೋಲೆ. ನಾವು ಹೋದಾಗ ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಯಾವುದು ಅಂತ ಮಗ ಅರ್ಧ ಗಂಟೆ ತಲೆ ತಿಂದ. ರೈತರು ಅಲ್ಲಿ ನೋಡಬೇಕಾದ್ದು ಬೇರೆ. 2012ರಲ್ಲಿ ಅದನ್ನ ರಣಹದ್ದು ಧಾಮ ಅಂತ ಮಾಡಿದ್ರು. ಆ ಹೊತ್ತಿಗೆ ಉಳಿದಿದ್ದದ್ದು ಬೆರಳೆಣಿಕೆ ಹದ್ದು. ದೇಶದಲ್ಲೆಲ್ಲಾ ಅವು ಸತ್ತಿದ್ದು ಬಂದೂಕಿಗಲ್ಲ, ನಮ್ಮ ದನಗಳಿಗೆ ನೋವಿಗೆ ಕೊಡ್ತಿದ್ದ ಡೈಕ್ಲೋಫಿನಾಕ್ ಇಂಜೆಕ್ಷನ್ನಿಗೆ. ಆ ಔಷಧಿ ಮೈಯಲ್ಲಿರೋ ದನ ಸತ್ತು, ಅದನ್ನ ತಿಂದ ಹದ್ದಿನ ಮೂತ್ರಪಿಂಡ ಹಾಳಾಗುತ್ತೆ. 2006ರಿಂದ ದನಗಳಿಗೆ ಅದನ್ನ ಕೊಡೋ ಹಾಗಿಲ್ಲ, ಮೆಲಾಕ್ಸಿಕ್ಯಾಮ್ ಇದೆ. ಡಾಕ್ಟರ್ ಸೂಜಿ ಹಾಕೋವಾಗ ಯಾವುದು ಅಂತ ಕೇಳಿ. ನಾನು ಕೇಳೋಕೆ ಶುರು ಮಾಡಿದ್ದೇ ಆ ಬೆಟ್ಟಕ್ಕೆ ಹೋಗಿ ಬಂದ ಮೇಲೆ.

ಸಂಗಮದ ಕತೆ ಇನ್ನೊಂದು. ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಅಲ್ಲಿ ಕಾವೇರಿ ಸೇರುತ್ತೆ. ನಡುವೆ ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ಕೊಂಡು ಬಂದು ಇದಕ್ಕೆ ಕೂಡುತ್ತೆ. ಆ ನೀರಿನ ಮೇಲೇ ಬೇಸಾಯ ಮಾಡೋರು ನಮ್ಮಲ್ಲೇ ಇದ್ದಾರೆ. ಸಂಗಮದಲ್ಲಿ ನಿಂತ್ಕೊಂಡು ಮಗ, "ನಮ್ಮೂರ ಹೊಳೆ ಇಲ್ಲಿಗೆ ಬರುತ್ತಾ?" ಅಂದ. ಶಾಲೆ ಮ್ಯಾಪಲ್ಲಿ ನೋಡಿದ್ದ ಹುಡುಗ, ಅವತ್ತು ನಂಬಿದ. ಅಲ್ಲಿಂದ ಮೇಕೆದಾಟಿಗೆ ಅರ್ಕಾವತಿ ದಾಟಿ ಹೋಗಬೇಕು, ಹೊಳೆ ತುಂಬಿದ್ರೆ ಆಗಲ್ಲ. ಬಂಡೆ ಅಂಚಿಗೆ ಮಕ್ಕಳನ್ನ ಬಿಡಬೇಡಿ, ಪ್ರತಿ ವರ್ಷ ಜೀವ ಹೋಗ್ತಾನೇ ಇದಾವೆ. ಸಂಜೆ ಬೇಗ ಹೊರಡಿ, ಅದು ಆನೆ ದಾರಿ. ಆನೆ ವಿಚಾರ ಕನಕಪುರ, ಚನ್ನಪಟ್ಟಣದೋರಿಗೆ ನಾನೇನು ಹೇಳೋದು.

ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವಾ ಅಂತ ಕೆಲವರು ಅಂತೀರಿ, ಗೊತ್ತು. ಸಾಲ ಇರೋನು ಬೆಟ್ಟ ನೋಡೋಕೆ ಹೋಗಬೇಕಾ ಅಂತ. ಖರ್ಚು ಹೇಳ್ತೀನಿ ಕೇಳಿ. ಮನೇಲೇ ಚಿತ್ರಾನ್ನ, ಮೊಸರನ್ನ ಕಟ್ಕೊಂಡು, ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿ, ಐದು ಜನಕ್ಕೆ ಒಂದು ಮೂಟೆ ಬೂಸದ ದುಡ್ಡು ಖರ್ಚಾಗಲಿಲ್ಲ.

ಇದರ ಹಿಂದೆ ಇನ್ನೊಂದು ದೊಡ್ಡ ವಿಷಯ ಇದೆ, ಅದನ್ನ ಬಾಯಿಬಿಟ್ಟು ಹೇಳೇಬಿಡೋಣ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗ್ತಿಲ್ಲ ಅಂತ ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದ್ರು. ಟಿವಿಯೋರು ನಗಾಡಿಕೊಂಡು ತೋರಿಸಿದ್ರು. ನಮ್ಮೂರಲ್ಲೂ ಮೂವತ್ತೈದು ದಾಟಿದ ಹುಡುಗರು ಇದ್ದಾರೆ, ನಗೋ ವಿಷಯ ಅಲ್ಲ. ನನಗೆ ಗೊತ್ತಿರೋ ಒಂದು ಹೆಣ್ಣಿನ ಮನೆಯಲ್ಲಿ, ಜಮೀನು ಎಷ್ಟು ಅಂತ ಕೇಳಿದ್ದು ಅಪ್ಪ. ಹುಡುಗಿ ಕೇಳಿದ್ದು ಒಂದೇ: "ಹಸು ಎಷ್ಟಿವೆ?" ನಾಲ್ಕು ಅಂದ ತಕ್ಷಣ ಒಳಗೆ ಹೋದ್ಲು. ಆ ಹುಡುಗಿ ದುರಹಂಕಾರಿ ಅಂತ ಊರಲ್ಲಿ ಮಾತಾಯ್ತು. ನಾನು ಹಂಗೆ ಅಂದ್ಕೊಳ್ಳಲ್ಲ. ಅವಳು ಅವಳಮ್ಮನ್ನ ನೋಡಿದ್ದಾಳೆ, ಇಪ್ಪತ್ತು ವರ್ಷ ತವರಿಗೆ ಹೋದರೂ ಸಂಜೆ ನಾಲ್ಕಕ್ಕೆ ವಾಪಸ್ ಓಡಿ ಬರೋದನ್ನ. ನಮ್ಮ ಕೆಲಸ ಕಷ್ಟ ಅಂತ ಯಾರೂ ಬಿಟ್ಟು ಹೋಗ್ತಿಲ್ಲ, ಅದಕ್ಕೆ ರಜೆಯೇ ಇಲ್ಲ ಅಂತ ಹೋಗ್ತಿದ್ದಾರೆ. ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸಕ್ಕೂ ವಾರಕ್ಕೊಂದು ರಜೆ ಕೇಳ್ತಾರೆ. ಸರ್ಕಾರ, ಒಕ್ಕೂಟ, ಹಾಲಿನ ರೇಟು, ಎಲ್ಲಾ ಕೇಳೋಣ, ಕೇಳಲೇಬೇಕು. ಈ ಒಂದು ರಜೆ ಮಾತ್ರ ಪಕ್ಕದ ಮನೆಯೋರೇ ಕೊಡಬೇಕು.

ಈ ಬೆಳೆ ಗೂಡು ಬಿಡಿಸಿದ ಮೇಲೆ ಸರದಿ ಎದುರುಮನೆ ಅಣ್ಣನದು. ಮಂಗಳವಾರ ಕಣ್ವಕ್ಕೆ ಹೋಗ್ತಾರಂತೆ, ಅಕ್ಕ ಆಗಲೇ ಬೋಂಡಾಕ್ಕೆ ಈರುಳ್ಳಿ ತಂದಿಟ್ಟಿದ್ದಾರೆ. ಭಾನುವಾರ ಬೇಡ ಅಂದೆ, ಜನ ಜಾಸ್ತಿ. ಅವರ ಮೂರು ಹಸು ನನ್ನ ಪಾಲಿಗೆ. ಅದರಲ್ಲಿ ಕರಿದು ಎಡಗಾಲಲ್ಲಿ ಒದೆಯುತ್ತೆ, ಈವತ್ತು ಸಂಜೆಯಿಂದಲೇ ಹೋಗಿ ಮೈ ಸವರಿ ಬರಬೇಕು.